ಬಾಡಿಗೆ ಮನೆಯ ಸ್ಲ್ಯಾಬು ಉದುರಿದರೆ ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆಗಳಿಗೆ ಕಾರವಾರದ ವಕೀಲೆಯೊಬ್ಬರ ಉತ್ತರ

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಆರು ವರ್ಷಗಳಿಂದ ಒಂದೇ ಮನೆಯಲ್ಲಿದ್ದೇವೆ. ಬಾಡಿಗೆ 7,500 ರೂಪಾಯಿ. ಹೋದ ವಾರ ರಾತ್ರಿ ಸ್ಲ್ಯಾಬಿನಿಂದ ಅಂಗೈಯಗಲದ ತುಂಡೊಂದು ಮಗಳ ದಿಂಬಿನ ಪಕ್ಕದಲ್ಲೇ ಬಿತ್ತು. ಮಾಲೀಕರು ‘ಮಳೆಗಾಲ ಮುಗಿಯಲಿ, ಗಿಲಾವು ಮಾಡಿಸೋಣ. ಅಷ್ಟು ಹೆದರಿಕೆಯಿದ್ದರೆ ಬೇರೆ ಮನೆ ನೋಡಿಕೊಳ್ಳಿ’ ಎನ್ನುತ್ತಾರೆ. 11 ತಿಂಗಳ ಕರಾರು ಮೊದಲ ವರ್ಷ ಮಾಡಿದ್ದು, ಆಮೇಲೆ ನವೀಕರಿಸಿಲ್ಲ. ನಮಗೆ ಕೇಳುವ ಹಕ್ಕಿದೆಯೇ?
– ಒಬ್ಬ ತಾಯಿ

ಉತ್ತರ: ತಾಯೀ, ಹಕ್ಕಿನ ಮಾತು ಆಮೇಲೆ. ಆ ಕೋಣೆಯಲ್ಲಿ ಇವತ್ತಿನಿಂದ ಯಾರೂ ಮಲಗಬೇಡಿ. ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರೂ ಸರಿ.

ಬಿದ್ದ ತುಂಡನ್ನು ಎಸೆದಿಲ್ಲವಾದರೆ ಮಗುಚಿ ನೋಡಿ. ಒಳಮೈಯಲ್ಲಿ ಕಬ್ಬಿಣದ ಸರಳು ಕೂತಿದ್ದ ತೋಡಿನಂಥ ಗುರುತು ಇದ್ದು, ಅದರ ಉದ್ದಕ್ಕೂ ಕೆಂಪು ಪುಡಿ ಅಂಟಿದ್ದರೆ ತೊಂದರೆ ಗಿಲಾವಿನದಲ್ಲ, ಸರಳಿನದು. ಕಡಲಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಕೆಳಗಿನ ಪದರವನ್ನು ಒಳಗಿನಿಂದಲೇ ದೂಡಿ ಉದುರಿಸುತ್ತದೆ. ಕರಾವಳಿಯ ಗಾಳಿಗೆ ತೆರೆದಿರುವ ಕಾಂಕ್ರೀಟಿನಲ್ಲಿ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ನಮ್ಮ ಊರಿನ ಎಷ್ಟೋ ಹಳೆಯ ಸ್ಲ್ಯಾಬುಗಳಲ್ಲಿ ಬೆರಳಿನ ದಪ್ಪದ ಹೊದಿಕೆಯೂ ಇಲ್ಲ ಎಂಬುದನ್ನು ಉದುರಿದ ಜಾಗಗಳೇ ತೋರಿಸುತ್ತವೆ. ಇದರ ಮೇಲೆ ಗಿಲಾವು ಬಳಿದರೆ ತುಕ್ಕು ನಿಲ್ಲುವುದಿಲ್ಲ, ಮರೆಯಾಗುತ್ತದೆ. ಮುಂದಿನ ಸಲ ಬೀಳುವ ತುಂಡಿಗೆ ಗಿಲಾವಿನ ಭಾರವೂ ಸೇರುತ್ತದೆ. ಉಳಿದ ಭಾಗ ಗಟ್ಟಿಯಿದೆಯೇ ಎಂದು ತಿಳಿಯಲು ದೊಡ್ಡವರೊಬ್ಬರು ಬದಿಗೆ ನಿಂತು, ಉದ್ದನೆಯ ಕೋಲಿನ ತುದಿಯಿಂದ ಸ್ಲ್ಯಾಬನ್ನು ಮೆಲ್ಲಗೆ ತಟ್ಟಲಿ, ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಪದರ ಬಿಟ್ಟಿದೆ. ಸರಳು ಎಷ್ಟು ಸವೆದಿದೆ ಎಂಬುದನ್ನು ಮಾತ್ರ ಎಂಜಿನಿಯರರೇ ನೋಡಬೇಕು.

ಈಗ ಕಾನೂನು. ಕರ್ನಾಟಕ ಬಾಡಿಗೆ ಕಾಯ್ದೆ, 1999 ನಿಮ್ಮ ನೆರವಿಗೆ ಬರುವುದಿಲ್ಲ, ಏಕೆಂದರೆ ದೊಡ್ಡ ನಗರಗಳಲ್ಲೇ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳು ಅದರ ವ್ಯಾಪ್ತಿಯಲ್ಲಿಲ್ಲ, ಉಳಿದ ಕಡೆ ಮಿತಿ ಇನ್ನೂ ಕಡಿಮೆ. ಇಂದು 3,500 ರೂಪಾಯಿಗೆ ಕಾರವಾರದಲ್ಲಿ ಎಂಥ ಮನೆ ಸಿಗುತ್ತದೆ? ಆ ಮಿತಿ ಹಾಗೆಯೇ ಉಳಿದಿರುವುದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ನಿಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ದುರಸ್ತಿ ಮಾಡಿಸುವ ಹೊಣೆ ಹೊತ್ತ ಮಾಲೀಕರು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಅದರ 108ನೇ ಕಲಮು ಹೇಳುತ್ತದೆ. ‘ಹೊಣೆ ಹೊತ್ತ’ ಎಂಬ ಮಾತನ್ನು ಗಮನಿಸಿ. ಆ ಹೊಣೆ ತಾನಾಗಿ ಹುಟ್ಟುವುದಿಲ್ಲ, ಕರಾರಿನಿಂದ ಬರಬೇಕು. ಹಳೆಯ ಕರಾರನ್ನು ತೆಗೆದು ‘ದೊಡ್ಡ ದುರಸ್ತಿ ಮಾಲೀಕರದ್ದು’ ಎಂಬ ಸಾಲಿದೆಯೇ ನೋಡಿ. ಇಲ್ಲದಿದ್ದರೆ ಸ್ವಂತ ಹಣ ಹಾಕಿ ಬಾಡಿಗೆಯಲ್ಲಿ ಕಡಿದುಕೊಳ್ಳುವ ಸಾಹಸ ಮಾಡಬೇಡಿ. ಬಾಡಿಗೆ ಕೊಡುವುದನ್ನು ನಿಲ್ಲಿಸಲೂ ಬೇಡಿ.

ಆದರೆ ಒಂದು ಕಾಗದ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ದೊಡ್ಡ ತುಂಡು, ಎಲ್ಲಿ ಬಿತ್ತು, ಪಕ್ಕದಲ್ಲಿ ಯಾರು ಮಲಗಿದ್ದರು ಎಂದು ಕನ್ನಡದಲ್ಲೇ ಬರೆದು, ಫೋಟೋ ಲಗತ್ತಿಸಿ, ನೋಂದಣಿ ಸೌಲಭ್ಯ ಸೇರಿಸಿದ ಸ್ಪೀಡ್ ಪೋಸ್ಟಿನಲ್ಲಿ ಮಾಲೀಕರಿಗೆ ಕಳುಹಿಸಿ. ರಸೀದಿಯನ್ನು ಕಾಪಾಡಿಕೊಳ್ಳಿ. ಇಷ್ಟು ದಿನ ನಡೆದದ್ದೆಲ್ಲ ಬಾಯಿಮಾತು. ಮಾಲೀಕರಿಗೆ ಅಪಾಯ ಗೊತ್ತಿತ್ತು ಎನ್ನುವುದಕ್ಕೆ ಈ ಕಾಗದವೇ ಸಾಕ್ಷಿ. ನಾಳೆ ಯಾರಿಗಾದರೂ ಪೆಟ್ಟಾಗಿ ಪರಿಹಾರ ಕೇಳುವ ಪ್ರಸಂಗ ಬಂದರೆ ನ್ಯಾಯಾಲಯ ಮೊದಲು ಕೇಳುವುದು ಇದನ್ನೇ. ಅದರ ಒಂದು ಪ್ರತಿಯನ್ನು ನಗರಸಭೆಯ ಪೌರಾಯುಕ್ತರಿಗೂ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅಪಾಯಕಾರಿ ಕಟ್ಟಡವನ್ನು ದುರಸ್ತಿ ಮಾಡಿ ಅಥವಾ ಕೆಡವಿ ಎಂದು ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯಡಿ ಅವರಿಗಿದೆ. ಕಟ್ಟಡ ತೀರಾ ಕೆಟ್ಟಿದ್ದರೆ ನಿಮಗೂ ಮನೆ ತೆರವು ಮಾಡಿ ಎನ್ನಬಹುದು. ಅದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಂಡೇ ಅರ್ಜಿ ಕೊಡಿ.

‘ಬೇರೆ ಮನೆ ನೋಡಿಕೊಳ್ಳಿ’ ಎಂದ ಮಾತ್ರಕ್ಕೆ ನೀವು ಹೊರಡಬೇಕಿಲ್ಲ. ಕರಾರಿನ ಅವಧಿ ಮುಗಿದ ಮೇಲೂ ಅವರು ಬಾಡಿಗೆ ಪಡೆಯುತ್ತ ಬಂದಿದ್ದಾರೆ, ಆದ್ದರಿಂದ ನೀವು ತಿಂಗಳ ಲೆಕ್ಕದ ಬಾಡಿಗೆದಾರರು. ಬಿಡಿಸಬೇಕಾದರೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ನೀವು ಬಿಡದಿದ್ದರೆ ಅವರು ನ್ಯಾಯಾಲಯಕ್ಕೇ ಹೋಗಬೇಕು.

ನಾನು ವಕೀಲಿ ಆರಂಭಿಸಿದ ಹೊಸದರಲ್ಲಿ ತಾಯಿಯೊಂದಿಗೆ ಹಬ್ಬುವಾಡದ ಒಂದು ಹಂಚಿನ ಮನೆಯಲ್ಲಿದ್ದೆ. ಜೂನ್ ಬಂತೆಂದರೆ ಬಚ್ಚಲಿನ ಚಿರೇಕಲ್ಲಿನ ಗೋಡೆ ನೀರು ಕುಡಿದು ಕಪ್ಪಾಗುತ್ತಿತ್ತು. ಸ್ವಿಚ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ತಾಯಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಬಟ್ಟೆ ಒಣಹಾಕುವ ಬಿದಿರಿನ ಕಡ್ಡಿಯಿಂದ ಸ್ವಿಚ್ ಒತ್ತುತ್ತಿದ್ದರು. ನಾಲ್ಕು ಮಳೆಗಾಲ ಹಾಗೆಯೇ ಕಳೆದೆವು. ಊರಿನವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ ನಾನು ನಮ್ಮ ಮಾಲೀಕರಿಗೆ ಒಂದು ಸಾಲು ಬರೆಯಲಿಲ್ಲ. ಅವರು ಒಳ್ಳೆಯವರು, ಬೇಸರ ಮಾಡಿಕೊಂಡಾರು ಎಂದು ಸುಮ್ಮನಿದ್ದೆ. ತಾಯಿಗೆ ಏನೂ ಆಗಲಿಲ್ಲ. ಆದರೂ ಆ ಬಿದಿರಿನ ಕಡ್ಡಿ ನೆನಪಾದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಇಷ್ಟು ಒತ್ತಾಯಿಸುತ್ತಿದ್ದೇನೆ, ಕಾಗದ ಬರೆಯಿರಿ.

ಪ್ರಶ್ನೆ: ನಾವಿಬ್ಬರು ಅಕ್ಕತಂಗಿಯರು ಶಿರಸಿಯಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದೇವೆ. ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇದೆ. ಕಳೆದ ವಾರ ತಂಗಿ ಸ್ನಾನ ಮಾಡುವಾಗ ತಲೆ ಸುತ್ತಿ ಬಿದ್ದಳು. ಮಾಲೀಕರು ‘ಉಪವಾಸ ಇದ್ದಿರಬೇಕು, ಬಾಗಿಲು ಸ್ವಲ್ಪ ತೆರೆದಿಟ್ಟುಕೊಳ್ಳಿ’ ಎಂದರು. ಬಾಡಿಗೆಗೆ ಇರುವವರು ಗೀಸರ್ ಬದಲಿಸಿ ಎನ್ನಬಹುದೇ?
– ಬನವಾಸಿ ರಸ್ತೆ, ಶಿರಸಿ

ಉತ್ತರ: ಎನ್ನಬಹುದು, ಎನ್ನಲೇಬೇಕು. ಆದರೆ ಅವರ ಉತ್ತರ ಬರುವವರೆಗೂ ಕಾಯದೆ ಈಗಲೇ ಅದರ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ತಂಗಿಯನ್ನು ವೈದ್ಯರ ಬಳಿ ಕರೆದೊಯ್ದು, ‘ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ಬಿದ್ದಳು’ ಎಂದೇ ಹೇಳಿ. ಬರೀ ತಲೆಸುತ್ತು ಎಂದರೆ ಅವರಿಗೆ ಹೊಳೆಯದೆ ಹೋಗಬಹುದು.

ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದು ಗಾಳಿ ಸಾಲದೆ ಹೋದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕಡೆಯ ಹಳೆಯ ಬಚ್ಚಲೊಲೆ ನೆನಪಿದೆಯಲ್ಲ? ಹಂಡೆಯ ಕೆಳಗಿನ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಅಟ್ಟುತ್ತಿತ್ತು, ಹಂಚಿನ ಸಂದಿಗಳಲ್ಲಿ ತಾನೂ ಹೊರಗೆ ಹೋಗುತ್ತಿತ್ತು. ಟೈಲ್ಸ್ ಹಾಕಿ ಗಾಜು ಮುಚ್ಚಿದ ಈಗಿನ ಬಚ್ಚಲಿನಲ್ಲಿ ಆ ಸಂದಿಯೂ ಇಲ್ಲ, ಆ ಉರಿಯೂ ಇಲ್ಲ. ತಲೆ ಸುತ್ತುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿಯೇ ಉಳಿದಿರುವುದಿಲ್ಲ. ಹೆಣ್ಣುಮಕ್ಕಳಿಗೆ ‘ಬಾಗಿಲು ತೆರೆದಿಟ್ಟು ಸ್ನಾನ ಮಾಡಿ’ ಎನ್ನುವುದು ಪರಿಹಾರವೇ ಅಲ್ಲ. ಗೀಸರನ್ನು ಕಟ್ಟಡದ ಹೊರಗೋಡೆಗೆ ಕೂರಿಸಿ ನೀರಿನ ಕೊಳವೆಯನ್ನಷ್ಟೇ ಒಳಗೆ ತರಬೇಕು, ಅಥವಾ ವಿದ್ಯುತ್ ಗೀಸರ್ ಹಾಕಬೇಕು. ಅದಕ್ಕೆ ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಾನಾಗಿ ಕರೆಂಟ್ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ ಇರಲೇಬೇಕು. ಅಲ್ಲಿಯವರೆಗೆ ಅಡುಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಮಾಲೀಕರು ಕಿವಿಗೊಡದಿದ್ದರೆ ಶಿರಸಿಯ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ವಿದ್ಯಾರ್ಥಿನಿಯರು ಸಂಕೋಚದಿಂದ ಹಿಂಜರಿಯುವುದನ್ನು ಕಂಡಿದ್ದೇನೆ. ದಯವಿಟ್ಟು ಹಿಂಜರಿಯಬೇಡಿ.

ಪ್ರಶ್ನೆ: ಜನವರಿಯಲ್ಲಿ ಕಾಳಿ ನದಿಯ ಹತ್ತಿರ ಮನೆ ಹಿಡಿದೆವು. ಜುಲೈಯಲ್ಲಿ ಮೊಣಕಾಲುದ್ದ ನೀರು ನುಗ್ಗಿತು. ಹಿಂದೆಯೂ ಹೀಗಾಗಿದೆ ಎಂದು ನೆರೆಮನೆಯವರು ಈಗ ಹೇಳುತ್ತಾರೆ. ಮುಂಗಡ ಮರಳಿ ಕೇಳಬಹುದೇ?
– ಕಾರವಾರ ತಾಲ್ಲೂಕು

ಉತ್ತರ: ತನಗೆ ಗೊತ್ತಿದ್ದು, ಬಾಡಿಗೆದಾರರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. ಇದೂ 108ನೇ ಕಲಮಿನ ಮಾತೇ. ಗೋಡೆಗೆ ಹೊಸ ಸುಣ್ಣ ಬಳಿದಿದ್ದರೆ ಜನವರಿಯಲ್ಲಿ ನೀರಿನ ಗುರುತು ಯಾರಿಗೆ ಕಾಣುತ್ತದೆ? ‘ನದಿ ಪಕ್ಕದಲ್ಲೇ ಇತ್ತಲ್ಲ’ ಎಂದು ಅವರು ವಾದಿಸಬಹುದು. ಹಾಗಾಗಿ ಹಿಂದೆ ನೀರು ನುಗ್ಗಿದ್ದರ ಬಗ್ಗೆ ನೆರೆಮನೆಯವರಿಂದ ಬರೆಸಿಕೊಳ್ಳಿ, ಕಂದಾಯ ಇಲಾಖೆಯ ಹಾನಿ ಪಟ್ಟಿಯಲ್ಲಿ ಆ ಮನೆ ಇತ್ತೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಮುಂಗಡ ಮರಳಿ ಕೇಳುವಾಗ ಎರಡೂ ಬಳಕೆಗೆ ಬರುತ್ತವೆ.

ಪ್ರಶ್ನೆ: ಎರಡು ತಿಂಗಳ ಬಾಡಿಗೆ ಬಾಕಿ ಎಂದು ಮಾಲೀಕರು ಮೊದಲು ಕರೆಂಟ್ ತೆಗೆಸಿದರು. ನಾವು ಊರಿಗೆ ಹೋದಾಗ ಬೀಗವನ್ನೇ ಬದಲಿಸಿದರು. ಸಾಮಾನು ಒಳಗಿದೆ.
– ಕುಮಟಾ

ಉತ್ತರ: ಬಾಕಿ ನಿಜವಾದರೆ ಅದನ್ನು ತೀರಿಸಬೇಕು. ಆದರೆ ಬಾಕಿಯ ಹೆಸರಿನಲ್ಲಿ ಬೀಗ ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ಮೊದಲು ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಳಗಿರುವ ಸಾಮಾನಿನ ಪಟ್ಟಿಯನ್ನೂ ಅದಕ್ಕೆ ಸೇರಿಸಿ. ಮನೆಗೆ ಮರಳಿದ ಮೇಲೆ ವಿದ್ಯುತ್ತಿಗೆ ಹೆಸ್ಕಾಂಗೆ ನೀವೇ ಅರ್ಜಿ ಕೊಡಬಹುದು. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಮಾಲೀಕರ ಜೊತೆಗೆ ವಾಸವಿರುವವರನ್ನೂ ಹೆಸರಿಸಿದೆ.

ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನ ಮರಳಿ ಕೇಳಬಹುದು. ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಬರುವುದಿಲ್ಲ. ಯಾರು ವಾಸವಿದ್ದರು, ಹೇಗೆ ಹೊರಹಾಕಿದರು ಎಂಬುದಷ್ಟೇ ವಿಚಾರ. ಆದರೆ ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹೂಡಬೇಕು. ನಿಮ್ಮ ಪತ್ರದಲ್ಲಿ ಬೀಗ ಬದಲಾದ ದಿನಾಂಕವಿಲ್ಲ. ನೆರೆಮನೆಯವರನ್ನು ಕೇಳಿ ಇವತ್ತೇ ಬರೆದಿಟ್ಟುಕೊಳ್ಳಿ.