ಕಲ್ಲಿನ ರಥದ ಮೇಲೆ ಗೋಪುರ ಬರೆದಿದ್ದಾರೆ, ಸುಳ್ಳಾ?

ಪ್ರಶ್ನೆ: ಹಂಪಿಯ ಕಲ್ಲಿನ ರಥದ ಹಳೇ ಪೆನ್ಸಿಲ್ ಚಿತ್ರ ನಮ್ಮ ಮನೆಯಲ್ಲಿ ಸಿಕ್ಕಿದೆ. ಅದರಲ್ಲಿ ರಥದ ಮೇಲೆ ಗೋಪುರ ಇದೆ. ಈಗ ಅಲ್ಲಿ ಅಂಥದ್ದೇನೂ ಇಲ್ಲ. ಮುಂದಿನ ಚಕ್ರ ಚೆನ್ನಾಗಿದೆ, ಹಿಂದಿನದು ಬರೀ ಸುತ್ತು. ಅದು ಆಗಲೇ ಒಡೆದಿತ್ತಾ? ಗೋಪುರ ಕಲಾವಿದನ ಕಲ್ಪನೆಯಾ?

ಉತ್ತರ: ಚಿತ್ರಕ್ಕೂ ಈಗ ಕಾಣುವುದಕ್ಕೂ ತಾಳೆಯಾಗದಿದ್ದರೆ ಕಲಾವಿದನನ್ನೇ ಸುಳ್ಳುಗಾರ ಅನ್ನುವುದು ಎಲ್ಲರಿಗೂ ಅಭ್ಯಾಸವಾಗಿದೆ. ದಯವಿಟ್ಟು ಬಿಡಿ. ವಿಠ್ಠಲ ಗುಡಿಯ ಈ ರಥದ ಮೇಲೆ ಇಟ್ಟಿಗೆಯ ಗೋಪುರ ನಿಜವಾಗಿ ಇತ್ತು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ. ಆಮೇಲೆ ತೆಗೆದುಹಾಕಿದರು.

ಹಾಗಂತ ನಿಮ್ಮ ಚಿತ್ರ ಅಷ್ಟು ಹಳೆಯದು ಅಂತ ತೀರ್ಮಾನಿಸಬೇಡಿ. ಫೋಟೋ ನೋಡಿಕೊಂಡೂ ಬರೆಯಬಹುದು, ಅಲ್ವಾ? ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಸ್ಥಳದಲ್ಲೇ ಕೂತು ಬರೆದವರು ಸಾಮಾನ್ಯವಾಗಿ ತಿದ್ದಿಕೊಂಡು ಹೋಗುತ್ತಾರೆ. ಒಂದು ತೆಳು ಗೆರೆ, ಅದರ ಪಕ್ಕದಲ್ಲೇ ಒತ್ತಿ ಎಳೆದ ಇನ್ನೊಂದು. ನಕಲು ಮಾಡಿದವರಲ್ಲಿ ಇಂಥ ತಿದ್ದುಪಡಿ ಸಾಮಾನ್ಯವಾಗಿ ಕಡಿಮೆ. ರಥದ ಮುಂದಿನ ಆನೆಗಳನ್ನೂ ನೋಡಿ. ಮೊದಲು ಅಲ್ಲಿದ್ದದ್ದು ಕುದುರೆಗಳು. ಅವುಗಳ ಹಿಂಗಾಲು, ಬಾಲ ಇವತ್ತಿಗೂ ಆನೆಗಳ ಹಿಂದೆ ಉಳಿದಿವೆ. ಚಿತ್ರದಲ್ಲಿ ಅದೂ ಬಂದಿದ್ದರೆ ಬರೆದವರು ಹತ್ತಿರ ಹೋಗಿ ನೋಡಿದ್ದಾರೆ ಅನ್ನಲು ಬಲ ಬರುತ್ತದೆ.

ಹಿಂದಿನ ಚಕ್ರ ಒಡೆದಿತ್ತು ಅನ್ನಲು ಆಧಾರ ಇಲ್ಲ. ಅದೇ ಕೆತ್ತನೆ ಮತ್ತೆ ಬರುವಾಗ ಒಂದನ್ನು ಪೂರ್ತಿ ಬರೆದು ಉಳಿದದ್ದನ್ನು ಹೊರಗೆರೆಯಲ್ಲಿ ಬಿಡುವುದು ಸ್ಕೆಚ್ ಮಾಡುವವರ ರೂಢಿ. ಬಿಸಿಲು ಸರಿಯುವ ಮುಂಚೆ ನೆರಳು ಹಿಡಿಯಬೇಕು, ಅದಕ್ಕೇ ಈ ಅವಸರ. ಖಾಲಿ ಜಾಗವನ್ನೆಲ್ಲ ಪಾಳು ಅಂತ ಓದಬೇಡಿ. ಚಿತ್ರದಲ್ಲಿ ರಥದ ಪಕ್ಕ ಮನುಷ್ಯ ನಿಂತಿದ್ದರೆ ಅವನ ಎತ್ತರದಿಂದ ಗೋಪುರದ ಅಳತೆ ಲೆಕ್ಕ ಹಾಕುವುದೂ ಬೇಡ. ಕಟ್ಟಡ ದೊಡ್ಡದಾಗಿ ಕಾಣಲಿ ಅಂತ ಕೆಲವರು ಮನುಷ್ಯರನ್ನು ಚಿಕ್ಕದಾಗಿ ಬರೆಯುತ್ತಿದ್ದರು.

ಕಾಗದವನ್ನು ಬೆಳಕಿಗೆ ಹಿಡಿಯಿರಿ. ವಾಟರ್‌ಮಾರ್ಕಿನಲ್ಲಿ, ಅಂದರೆ ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸಿದ ಗುರುತಿನಲ್ಲಿ, ಉದಾಹರಣೆಗೆ 1832 ಅಂತ ಇದ್ದರೆ ಚಿತ್ರ ಅದಕ್ಕಿಂತ ಹಿಂದಿನದಲ್ಲ. ಅಷ್ಟೇ ಗೊತ್ತಾಗುವುದು. ಹಳೇ ಖಾಲಿ ಹಾಳೆಯ ಮೇಲೆ ಎಷ್ಟೋ ವರ್ಷದ ಮೇಲೆ ಬರೆದು ಮಾರುವವರೂ ಇದ್ದಾರೆ.

ಪ್ರಶ್ನೆ: ನನ್ನ ಹತ್ತಿರದ ಗುಡಿಯ ಸ್ಕೆಚ್‌ನಲ್ಲಿ ಅಡ್ಡಕ್ಕೆ ತೆಳು ಗೆರೆ ಇದೆ. ನಿಧಿಯ ದಾರಿ ಅಂತ ಒಬ್ಬರು ಹೇಳಿದರು.

ಉತ್ತರ: ಅದು ಬಹುಶಃ ಕಲಾವಿದನ ಕಣ್ಣಿನ ಮಟ್ಟ ತೋರಿಸುವ ಗೆರೆ. ಹಾಗೆ ಹೇಳಿದವರನ್ನು ಮನೆಗೆ ಸೇರಿಸಬೇಡಿ. ನಿಧಿ ಆಸೆಗೆ ಅಗೆದು ನಮ್ಮ ಗುಡಿಗಳನ್ನು ಹಾಳು ಮಾಡಿದ್ದು ಇಂಥವರೇ.

ಪ್ರಶ್ನೆ: ಹಳೇ ಪೆನ್ಸಿಲ್ ಚಿತ್ರದ ಕೊಳೆಯನ್ನು ರಬ್ಬರಿನಲ್ಲಿ ಉಜ್ಜಿ ಲ್ಯಾಮಿನೇಷನ್ ಮಾಡಿಸಲಾ?

ಉತ್ತರ: ಎರಡೂ ಬೇಡ. ಉಜ್ಜಿದರೆ ಕೊಳೆಯ ಜೊತೆ ಗೆರೆಯೂ ಹೋಗುತ್ತದೆ.