ಉತ್ತರ: ತಾರಾಪುರದಲ್ಲಿ ಯುರೇನಿಯಂ ‘ಉರಿಯೋದು’ ಹೇಗೆ, ಬೂದಿ ಎಲ್ಲಿ?

ಮಹಾರಾಷ್ಟ್ರದ ಬೋಯಿಸರ್‌ಗೆ ರೂಮ್ ಶಿಫ್ಟ್ ಮಾಡಿದ್ದೀರಿ, ಪಕ್ಕದ ತಾರಾಪುರದ ಅಣು ವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಸುಡ್ತಾರಂತೆ, ಹೊಗೆ ಯಾಕೆ ಕಾಣಲ್ಲ, ಬೂದಿ ಎಲ್ಲಿ ಹಾಕ್ತಾರೆ ಅಂತ ಕೇಳಿದ್ರಲ್ಲ. ಮಾರಾಯ್ರೆ, ಅಲ್ಲಿ ಬೆಂಕಿಯೇ ಇಲ್ಲ! ಯುರೇನಿಯಂ-235 ಅನ್ನೋ ಒಂದು ಬಗೆಯ ಯುರೇನಿಯಂನ ಪರಮಾಣುಗೆ ನ್ಯೂಟ್ರಾನ್ ತಾಗಿದ್ರೆ ಅದು ಒಡೆದು ಎರಡು ಹೋಳಾಗ್ತದೆ, ಬಿಸಿ ಬರ್ತದೆ, ಜೊತೆಗೆ ಇನ್ನೆರಡು ಮೂರು ನ್ಯೂಟ್ರಾನ್ ಹೊರಗೆ ಬಿದ್ದು ಮುಂದಿನದಕ್ಕೆ ತಾಗ್ತವೆ, ಹಾಗೇ ಸರಪಳಿ. ಆ ಬಿಸಿಗೆ ನೀರು ಹಬೆ ಆಗಿ ಟರ್ಬೈನ್ ತಿರುಗಿಸ್ತದೆ, ಅಲ್ಲಿಂದಾಚೆ ಎಲ್ಲ ಕಲ್ಲಿದ್ದಲು ಸ್ಥಾವರದ ಹಾಗೇ.

ಇಂಧನ ಅಂದ್ರೆ ಯುರೇನಿಯಂ ಆಕ್ಸೈಡಿನ ಸಣ್ಣ ಸಣ್ಣ ಬಿಲ್ಲೆ, ಬೆರಳ ತುದಿಯಷ್ಟು. ಅದನ್ನ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಯಲ್ಲಿ ತುಂಬಿ ಸೀಲ್ ಮಾಡಿ, ಕೊಳವೆಗಳನ್ನ ಕಟ್ಟು ಕಟ್ತಾರೆ, ನಮ್ಮೂರಲ್ಲಿ ಸೌದೆ ಹೊರೆ ಕಟ್ಟಿದ ಹಾಗೆ. ಇದೆಲ್ಲ ಆಗೋದು ಹೈದರಾಬಾದಲ್ಲಿ. ಪ್ರಕೃತಿಯಲ್ಲಿ ಸಿಗೋ ಯುರೇನಿಯಂನಲ್ಲಿ 235 ಇರೋದು ಬರೀ 0.7%, ತಾರಾಪುರದ 3, 4ನೇ ಯೂನಿಟ್ ಭಾರಜಲ (ಭಾರದ ಹೈಡ್ರೋಜನ್ ಇರೋ ನೀರು) ಇಟ್ಕೊಂಡು ಆ ಯುರೇನಿಯಂನಲ್ಲೇ ಓಡ್ತವೆ, 1969ರ ಹಳೇ 1, 2ಕ್ಕೆ ಮಾತ್ರ ಎನ್‌ರಿಚ್ ಮಾಡಿದ್ದೇ, ಅಂದ್ರೆ 235ರ ಪಾಲು ಹೆಚ್ಚಿಸಿದ್ದೇ ಬೇಕು. ಭಾರಜಲದ ರಿಯಾಕ್ಟರಲ್ಲಿ ಒಂದು ಕೆಜಿ ಯುರೇನಿಯಂ 20 ಟನ್‌ಗಿಂತ ಜಾಸ್ತಿ ಕಲ್ಲಿದ್ದಲಿನ ಕೆಲಸ ಮಾಡ್ತದೆ, ಹಾಗಾಗಿ ಬೋಯಿಸರ್ ಸ್ಟೇಷನ್ನಲ್ಲಿ ಇದಕ್ಕೋಸ್ಕರ ದಿನಾ ಗೂಡ್ಸ್ ರೈಲು ಬರೋದು ನಿಮಗೆ ಕಾಣಲ್ಲ.

ಇನ್ನು ‘ಬೂದಿ’. ನಿಜವಾದ ತಲೆನೋವು ಅದೇ. ಬಳಸಿ ಹೊರಗೆ ತೆಗೆದ ಇಂಧನದ ಕಟ್ಟು ನೋಡೋಕೆ ಹಾಗೇ ಇರ್ತದೆ, ಆದ್ರೆ ಭಯಂಕರ ವಿಕಿರಣ, ಬಿಸಿನೂ ಇಳಿಯಲ್ಲ, ಅದಕ್ಕೇ ವರ್ಷಗಟ್ಟಲೆ ಆಳವಾದ ನೀರಿನ ಕೊಳದಲ್ಲಿ ಮುಳುಗಿಸಿಡ್ತಾರೆ. ಆಮೇಲೆ ಕರಗಿಸಿ ಪ್ಲುಟೋನಿಯಂ, ಉಳಿದ ಯುರೇನಿಯಂ ಬೇರೆ ಮಾಡ್ತಾರೆ, ಮಿಕ್ಕಿದ ಕಸವನ್ನ ಗಾಜಲ್ಲಿ ಬೆರೆಸಿ ಗಟ್ಟಿ ಮಾಡಿ ಇಡ್ತಾರೆ.