ಹೊಸ ಹಲಗೆಗೆ ಹಳೆಯ ಬಣ್ಣ

ಪ್ರಶ್ನೆ: ಅಜ್ಜನ ಕಾಲದ ತೇಗದ ಕಪಾಟಿನ ಒಂದು ಬಾಗಿಲು ಸೀಳಿತ್ತು, ಬಡಗಿಯಿಂದ ಹೊಸ ತೇಗದ ಹಲಗೆ ಹಾಕಿಸಿದೆ. ವಾಲ್‌ನಟ್ ಸ್ಟೇನ್ (ಮರದೊಳಗೆ ಇಂಗುವ ಬಣ್ಣ) ತಂದು ಎರಡು ಕೋಟ್ ಹಚ್ಚಿದೆ. ಹಳೆಯದು ಜೇನಿನ ಬಣ್ಣ, ಹೊಸದು ಕಪ್ಪು ಮಿಶ್ರಿತ ಕಂದು. ತೇಪೆ ಹಾಕಿದಂತಿದೆ. ಮೇಲೆ ಬೇರೆ ಸ್ಟೇನ್ ಹಚ್ಚಿದರೆ ಸರಿಹೋದೀತೇ?

ಉತ್ತರ: ಇಲ್ಲ. ಸ್ಟೇನ್ ಮರವನ್ನು ಗಾಢ ಮಾಡುತ್ತದೆ, ತಿಳಿ ಮಾಡುವುದಿಲ್ಲ. ಹಚ್ಚಿದ್ದನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. 120 ನಂಬರಿನ ಕಾಗದದಿಂದ ಶುರುಮಾಡಿ, ಅದಕ್ಕಿಂತ ನಯವಾದ 180ಕ್ಕೆ ನಿಲ್ಲಿಸಿ. ಇನ್ನೂ ನಯ ಮಾಡಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಆ ಜೇನಿನ ಬಣ್ಣ ಮರದ್ದೊಂದೇ ಅಲ್ಲ. ತಳದಲ್ಲಿ ಬೆಳಕಿಗೆ ಮಾಗಿದ ತೇಗ, ಅದರ ಮೇಲೆ ಹಳದಿಗಟ್ಟಿದ ಪಾಲಿಶ್, ಅದಕ್ಕೂ ಮೇಲೆ ಕೈಜಿಡ್ಡು. ಮೂರನ್ನೂ ಒಂದೇ ಡಬ್ಬಿಯಲ್ಲಿ ಹುಡುಕಿದಿರಿ, ಸಿಗಲಿಲ್ಲ. ಮೊದಲು ಹಳೆಯ ಬಾಗಿಲನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಕೊಳೆಗೆ ಬಣ್ಣ ಹೊಂದಿಸುತ್ತ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ತಿರುಗಣಿಯ ಹಿಂದೆ, ಕಣ್ಣಿಗೆ ಬೀಳದ ಕಡೆ, ಒಂದು ಹನಿ ಸ್ಪಿರಿಟ್ ಬಿಡಿ. ಬೆರಳಿಗೆ ಅಂಟಿದರೆ ಅದು ಅರಗಿನ ಪಾಲಿಶ್. ಹೊಸ ಹಲಗೆಗೂ ಅದನ್ನೇ ಹಾಕಬೇಕು.

ಅದೇ ಹಲಗೆಯಿಂದ ಕತ್ತರಿಸಿ ಉಳಿದ ತುಂಡು ಬಡಗಿಯ ಬಳಿ ಇರುತ್ತದೆ, ಕೇಳಿ ತನ್ನಿ. ಪ್ರಯೋಗವೆಲ್ಲ ಅದರ ಮೇಲೆ. ಸ್ಟೇನ್ ತೆಳು ಮಾಡಿ, ಹಳೆಯ ಮರದ ಅತ್ಯಂತ ತಿಳಿಯಾದ ಗೆರೆಗೆ ಸರಿಯಾಗುವಷ್ಟು ಮಾತ್ರ ಹಚ್ಚಿ. ಒಣಗಿದ ಸ್ಟೇನ್ ಪೇಲವವಾಗಿ ಕಂಡರೆ ಗಾಬರಿ ಬೇಡ. ಪಾಲಿಶ್ ಬಿದ್ದಮೇಲೆಯೇ ಅದರ ನಿಜ ಬಣ್ಣ. ಉಳಿದ ಗಾಢತೆ ಪಾಲಿಶ್‌ನಲ್ಲಿ ಬರಲಿ: ಅರಗಿಗೆ ಚಿಟಿಕೆ ಬಣ್ಣ ಬೆರೆಸಿ, ಬಟ್ಟೆಯಲ್ಲಿ ಸುತ್ತಿದ ಹತ್ತಿಯುಂಡೆಯಿಂದ ತೆಳುವಾಗಿ ಎಳೆಯಿರಿ, ಪ್ರತಿ ಕೋಟ್ ಆದಮೇಲೆ ಹಳೆಯ ಬಾಗಿಲಿನ ಪಕ್ಕ ಹಿಡಿದು ನೋಡಿ. ಕೆಂಪು ಹೆಚ್ಚಾದರೆ ಸೂಜಿಮೊನೆಯಷ್ಟು ಹಸಿರು. ನಗಬೇಡಿ, ಕೆಂಪನ್ನು ತಗ್ಗಿಸುವುದು ಹಸಿರೇ. ನನ್ನ ಪೆಟ್ಟಿಗೆಯಲ್ಲಿ ಅದರದ್ದೊಂದು ಪುಟ್ಟ ಸೀಸೆ ಯಾವಾಗಲೂ ಇರುತ್ತದೆ.

ನೋಡುವುದು ಹಗಲಿನ ಬೆಳಕಿನಲ್ಲಿ. ಒಮ್ಮೆ ರಾತ್ರಿ ಬಲ್ಬಿನ ಕೆಳಗೆ ಕುರ್ಚಿಯ ಕಾಲಿಗೆ ಬಣ್ಣ ಹೊಂದಿಸಿ, ಭೇಷ್ ಎಂದು ನನಗೆ ನಾನೇ ಹೇಳಿಕೊಂಡು ಮಲಗಿದೆ. ಬೆಳಗ್ಗೆ ಮೂರು ಕಾಲು ಕಂದು, ಒಂದು ಕಾಲು ಇಟ್ಟಿಗೆ ಕೆಂಪು! ಎರಡು ದಿನದ ಕೆಲಸ ಉಪ್ಪುಕಾಗದಕ್ಕೆ ಹೋಯಿತು.

ಪೂರ್ತಿ ಹೊಂದುವ ಮೊದಲೇ ಕೈ ಬಿಡಿ, ಒಂದು ಛಾಯೆ ತಿಳಿಯಿರಲಿ. ಹೊಸ ತೇಗವೂ ಬೆಳಕಿಗೆ ಬಣ್ಣ ಏರಿಸಿಕೊಳ್ಳುತ್ತದೆ.

ಪ್ರಶ್ನೆ: ನನ್ನದು ವಾಲ್‌ನಟ್ ಮರದ್ದೇ ಹಳೆಯ ಮೇಜು. ಹೊಸ ಪಟ್ಟಿ ಹಾಕಿಸುತ್ತಿದ್ದೇನೆ. ನಾನೂ ಸ್ವಲ್ಪ ತಿಳಿಯಾಗಿ ನಿಲ್ಲಿಸಬೇಕೇ?

ಉತ್ತರ: ಬೇಡ, ನಿಮ್ಮ ಲೆಕ್ಕ ತಿರುವುಮುರುವು. ವಾಲ್‌ನಟ್ ಬೆಳಕಿಗೆ ಮಾಸುತ್ತ ಹೋಗುತ್ತದೆ. ಹೊಸ ಪಟ್ಟಿಯೇ ಹಳೆಯದಕ್ಕಿಂತ ಗಾಢವಾಗಿ ಕಂಡರೆ ಸ್ಟೇನ್ ಡಬ್ಬಿ ತೆರೆಯಲೇಬೇಡಿ. ಬಣ್ಣವಿಲ್ಲದ ಪಾಲಿಶ್ ಹಾಕಿ ಕಿಟಕಿಯ ಬಳಿ ಇಟ್ಟುಬಿಡಿ.